ಅಪ್‌ಡೇಟ್: ಒಣಗಿದ ಬಟ್ಟೆಯನ್ನು ನೇರ ಬೀರುವಿಗೆ ಇಡಬಹುದಾ?

ತುಮಕೂರಿನ ಈ ಮೋಡದ ದಿನಗಳಲ್ಲಿ ತಂತಿಯಿಂದ ತೆಗೆದ ಬಟ್ಟೆಯನ್ನು ನೇರ ಬೀರುವಿಗೆ ಇಡಬಹುದಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆ ಥ್ಯಾಂಕ್ಸ್. ಪಂಚೆ, ತೆಳು ಕಾಟನ್ ಸೀರೆ ಇಡಬಹುದು. ಆಷಾಢದ ಗಾಳಿಗೇ ಒಣಗುತ್ತವೆ. ತಕರಾರೆಲ್ಲ ಜೀನ್ಸ್, ಟರ್ಕಿ ಟವೆಲಿನದು. ಜೀನ್ಸಿನ ಕಾಲು ಗರಿಗರಿ ಆಗಿದ್ದರೂ ಸೊಂಟದ ಪಟ್ಟಿ, ಜೇಬಿನ ಒಳಬಟ್ಟೆ, ದಪ್ಪ ಹೊಲಿಗೆ ಹಸಿ ಹಿಡಿದಿರುತ್ತೆ. ಅಲ್ಲಿ ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ಒಣಗಿಲ್ಲ. ಜೇಬು ಹೊರಗೆಳೆದು, ಒಳಮೈ ಹೊರಗೆ ಮಾಡಿ, ಫ್ಯಾನ್ ಕೆಳಗೆ ಒಂದೆರಡು ಗಂಟೆ ಹಾಕಿ. ನೀರು ಚಿಮುಕಿಸಿ ಇಸ್ತ್ರಿ ಮಾಡಿದ್ದನ್ನೂ ಬಿಸಿಬಿಸಿ ಮಡಚಿಡಬೇಡಿ, ಹ್ಯಾಂಗರಿನಲ್ಲಿ ಅರ್ಧ ಗಂಟೆ ಬಿಡಿ. ಮಡಿಕೆಯೊಳಗೆ ಆವಿ ಸಿಕ್ಕಿಕೊಂಡೇ ಮುಗ್ಗಲು ವಾಸನೆ ಬರೋದು. ನುಸಿ ಗುಳಿಗೆ ಆ ವಾಸನೆ ಮುಚ್ಚುತ್ತೆ ಅಷ್ಟೇ, ಹಸಿ ಹೀರಲ್ಲ. ಈಗಾಗಲೇ ನಾರುತ್ತಿದ್ದರೆ ಬರೀ ಗಾಳಿಗೆ ಹಾಕಿದರೆ ಸಾಲದು, ಮತ್ತೆ ಒಗೆಯಲೇಬೇಕು.