ತಲೆಯಿಂದ ಇಳಿಯದ ಹಾಡಿಗೆ ಏನೆನ್ನೋಣ? ಗುಂಗು, ಗುನುಗು, ಹುಳ

ನಮಸ್ಕಾರ.

ಮನೋವಿಜ್ಞಾನದ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲಿನಲ್ಲೇ ‘ಇಯರ್‌ವರ್ಮ್’ ಅಡ್ಡ ಬಂತು. ಹಾಡಿನ ಯಾವುದೋ ತುಣುಕು ತಲೆಹೊಕ್ಕು, ಬೇಡವೆಂದರೂ ತನ್ನಷ್ಟಕ್ಕೆ ಮತ್ತೆ ಮತ್ತೆ ಸುತ್ತುತ್ತಿರುತ್ತದಲ್ಲ, ಅದಕ್ಕೆ ಇಂಗ್ಲಿಷಿನವರ ಹೆಸರು ಅದು. ಕರಡಿನಲ್ಲಿ ಸದ್ಯಕ್ಕೆ ‘ಕಿವಿಹುಳ’ ಎಂದು ಬರೆದು ಗೆಳೆಯರೊಬ್ಬರಿಗೆ ಓದಿ ಹೇಳಿದೆ. ‘ಎರಡು ದಿನದಿಂದ ಒಂದು ಕಿವಿಹುಳ ನನ್ನನ್ನು ಬಿಟ್ಟಿಲ್ಲ’ ಎಂಬಲ್ಲಿಗೆ ಬರುತ್ತಿದ್ದಂತೆ ಅವರು ತಡೆದು, ‘ಡಾಕ್ಟರ ಹತ್ತಿರ ಹೋಗೋದು ಬಿಟ್ಟು ಲೇಖನ ಬರೀತಾ ಕೂತಿದಾನಲ್ಲ!’ ಎಂದರು. ಕಿವಿಹುಳದ ಕತೆ ಅಲ್ಲಿಗೆ ಮುಗಿಯಿತು.

ಇಂಗ್ಲಿಷಿನಲ್ಲೂ ಅದು ಎರವಲು ಮಾಲೇ. ಮೂಲ ಜರ್ಮನ್ನಿನ ‘ಓರ್‌ವುರ್ಮ್’. ಅಲ್ಲಿ ಅದು ಮೊದಲು ಒಂದು ಕೀಟದ ಹೆಸರು: ಬಾಲದ ತುದಿಯಲ್ಲಿ ಚಿಮಟದಂಥ ಕೊಂಡಿ ಇರುವ, ಮಲಗಿದವರ ಕಿವಿಗೆ ನುಗ್ಗುತ್ತದೆ ಎಂಬ ಸುಳ್ಳು ಅಪವಾದ ಹೊತ್ತ ಪುಟ್ಟ ಜೀವಿ. ಹಾಡಿನ ಅರ್ಥ ಆಮೇಲೆ ಬಂದು ಸೇರಿಕೊಂಡಿತು. ಇಂಗ್ಲಿಷಿನಲ್ಲಿ ಈ ಅರ್ಥ ಕಾಣುವ ಹಳೆಯ ಕಡೆಗಳಲ್ಲೊಂದು ಡೆಸ್ಮಂಡ್ ಬ್ಯಾಗ್ಲಿ ಅವರ 1978ರ ಕಾದಂಬರಿ. ಅಲ್ಲೂ ಅದು ‘ಜರ್ಮನರು ಹೀಗೆನ್ನುತ್ತಾರೆ’ ಎಂಬ ಮಾತಿನ ಜೊತೆಗೇ ಬರುತ್ತದೆ. ಎಂದರೆ ಜರ್ಮನ್ ಓದುಗನಿಗೆ ಆ ಪದದ ಹಿಂದೆ ಒಂದು ನಿಜವಾದ ಕೀಟ ಇದೆ. ಕನ್ನಡದ ಕಿವಿಹುಳದ ಹಿಂದೆ ಕಿವಿನೋವು ಬಿಟ್ಟರೆ ಇನ್ನೇನೂ ಇಲ್ಲ.

ಎಲ್ಲ ಭಾಷೆಗಳೂ ಹುಳದ ಹಿಂದೆ ಬಿದ್ದಿಲ್ಲ. ಸ್ಪ್ಯಾನಿಷಿನವರಿಗೆ ಅದು ಅಂಟುವ ಹಾಡು. ಬ್ರೆಜಿಲ್‌ನವರಿಗೆ ಚ್ಯೂಯಿಂಗ್ ಗಮ್ ಹಾಡು. ಕೊರಿಯಾದವರದು ಎಲ್ಲಕ್ಕಿಂತ ತಮಾಷೆ: ಕಾಲೇಜು ಪ್ರವೇಶ ಪರೀಕ್ಷೆಗೆ ಮುಂಚೆ ಕೇಳಲೇಬಾರದ, ‘ಪರೀಕ್ಷೆಗೆ ನಿಷೇಧಿಸಿದ ಹಾಡು’. ಸಂಶೋಧಕರು ಮಾತ್ರ ಮುಖ ಗಂಟು ಹಾಕಿಕೊಂಡು ‘ಅನೈಚ್ಛಿಕ ಸಂಗೀತ ಬಿಂಬ’ ಎಂಬರ್ಥದ ಪದ ಇಟ್ಟುಕೊಂಡಿದ್ದಾರೆ. ಪ್ರಬಂಧದ ಒಳಗೆ ಅದು ಸರಿ. ಆದರೆ ಬೆಳಿಗ್ಗೆ ಹಲ್ಲುಜ್ಜುತ್ತಾ ‘ನನಗೊಂದು ಅನೈಚ್ಛಿಕ ಸಂಗೀತ ಬಿಂಬ ಉಂಟಾಗಿದೆ’ ಎನ್ನುವವರನ್ನು ನಾನಂತೂ ಕಾಣೆ.

ಇನ್ನು ನಮ್ಮಲ್ಲಿ ಇರುವ ಪದಗಳು. ಮೊದಲು ನೆನಪಾಗುವುದು ‘ಗುಂಗು’. ‘ಆ ಹಾಡಿನ ಗುಂಗು ಇನ್ನೂ ಇಳಿದಿಲ್ಲ’ ಎಂದರೆ ಯಾರಿಗೂ ವಿವರಿಸಬೇಕಾಗಿಲ್ಲ. ಇದೇ ಸಾಕಲ್ಲ ಎಂದುಕೊಂಡು ಹತ್ತಾರು ವಾಕ್ಯಗಳಲ್ಲಿ ಕೂರಿಸಿ ನೋಡಿದೆ. ಅರ್ಧದಷ್ಟು ಕಡೆ ಕೂರಲಿಲ್ಲ. ಗುಂಗಿನಲ್ಲಿ ಇರುವವನು ಮನುಷ್ಯ, ಹಾಡಲ್ಲ. ‘ನಾನು ಹಾಡಿನ ಗುಂಗಿನಲ್ಲಿದ್ದೇನೆ’ ಎಂದಾಗ ಹಾಡು ಹೊರಗೆ ಸುತ್ತ ಇದೆ, ನಾನು ಅದರೊಳಗೆ ತೇಲುತ್ತಿದ್ದೇನೆ, ಅದೂ ಖುಷಿಯಿಂದ. ಇಲ್ಲಿ ಆಗಿರುವುದು ಅದರ ತಿರುವುಮುರುವು: ಹಾಡು ಒಳಗೆ ಕೂತಿದೆ, ನಾನು ಹೊರಗೆ ನಿಂತು ಕದ ಬಡಿಯುತ್ತಿದ್ದೇನೆ. ಇಷ್ಟವಿಲ್ಲದ ಹಾಡಿಗೆ ಗುಂಗು ಹಿಡಿಯುವುದಿಲ್ಲ. ಮೂರು ದಿನದಿಂದ ನನ್ನ ತಲೆಯಲ್ಲಿರುವುದು ಸಾಬೂನಿನ ಜಾಹೀರಾತೊಂದರ ರಾಗ. ಅದೂ ಪೂರ್ತಿ ಅಲ್ಲ, ಕೊನೆಯ ನಾಲ್ಕು ಸ್ವರ. ಮೆಟ್ಟಿಲು ಹತ್ತುವಾಗ ಕಾಲು ಅದರ ತಾಳಕ್ಕೇ ಬೀಳುತ್ತದೆ. ಕರಡು ತಿದ್ದುವಾಗ ಪೂರ್ಣವಿರಾಮ ಬಂದಲ್ಲೆಲ್ಲ ಆ ನಾಲ್ಕು ಸ್ವರ ತಪ್ಪದೆ ಹಾಜರಿ ಹಾಕುತ್ತವೆ. ಇದನ್ನು ಗುಂಗು ಎಂದರೆ ಆ ಪದಕ್ಕೇ ಅವಮಾನ.

‘ಗುನುಗು’ ಬಾಯಿಯ ಕೆಲಸ, ಬೇಕಾಗಿ ಮಾಡುವಂಥದ್ದು. ಹಾಗೆಂದು ಅದನ್ನು ಪೂರ್ತಿ ತಳ್ಳಿಹಾಕಲೂ ಮನಸ್ಸಿಲ್ಲ. 2015ರಲ್ಲಿ ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಫಿಲಿಪ್ ಬೀಮನ್ ಮತ್ತು ಸಂಗಡಿಗರು, ಹಾಡು ಕೇಳಿಸಿದ ಮೇಲೆ ಚ್ಯೂಯಿಂಗ್ ಗಮ್ ಅಗಿಯುತ್ತಿದ್ದವರಿಗೆ ಅದು ಮರುಕಳಿಸುವುದು ಕಡಿಮೆ ಎಂದು ತೋರಿಸಿದರು. ಒಳಗಿನ ಹಾಡಿಗೂ ದವಡೆ, ನಾಲಗೆಗಳ ಸದ್ದಿಲ್ಲದ ಸಹಕಾರ ಬೇಕು ಎಂದಾಯಿತು. ‘ಆ ಸಾಲು ನಾಲಗೆಗೆ ಹತ್ತಿಬಿಟ್ಟಿದೆ’ ಎನ್ನುವವರು ಅಂದಾಜಿಗೆ ಹೇಳಿದ್ದಲ್ಲ ಅನ್ನಿಸುತ್ತದೆ.

‘ಮೊರೆತ’, ‘ಗುಂಯ್‌ಗುಡು’ ಎರಡೂ ಬೇಡ. ಹೊರಗೆ ಸದ್ದೇ ಇಲ್ಲದೆ ಕಿವಿಯಲ್ಲಿ ಗುಂಯ್ ಎನ್ನುವ ತೊಂದರೆಗೆ ‘ಕಿವಿಮೊರೆತ’ ಬಳಕೆಯಲ್ಲಿದೆ, ಅದು ಬೇರೆ ವಿಷಯ. ‘ಗೀಳು’ ಎಂದರೆ ಚಟದ ಕಡೆಗೆ ವಾಲುತ್ತದೆ: ಹಾಡಿನ ಗೀಳು ಇರುವವರು ಹಾಡನ್ನು ಹುಡುಕಿಕೊಂಡು ಹೋಗುತ್ತಾರೆ. ‘ಕಾಡುವ ಹಾಡು’ ಹೇಳಿ ಮಾಡಿಸಿದಂತಿತ್ತು. ಆದರೆ ವಿಮರ್ಶಕರು ‘ಕಾಡುವ’ವನ್ನು ಹೊಗಳಿಕೆಯ ಮಾತಾಗಿ ಮಾಡಿ ಮುಗಿಸಿದ್ದಾರೆ. ಕಾಡುವ ಕತೆ, ಕಾಡುವ ಕಣ್ಣು, ಕಾಡುವ ಕವಿತೆ... ಸಾಬೂನಿನ ಜಾಹೀರಾತಿಗೆ ಆ ಪಟ್ಟ ಯಾಕೆ? ಸಮಾಸ ಮಾಡಿ ‘ಕಾಡುಹಾಡು’ ಎಂದರಂತೂ ಹುಲಿ, ಆನೆ ಎಲ್ಲ ಎದ್ದು ಬರುತ್ತವೆ. ‘ಹಾಡಿದ್ದೇ ಹಾಡೋ ಕಿಸಬಾಯಿದಾಸ’ ಎಂಬ ಗಾದೆ ತಲೆಯ ಆಗಿನ ಸ್ಥಿತಿಯನ್ನು ಚೆನ್ನಾಗಿ ಹೇಳುತ್ತದೆ, ಆದರೆ ಅದು ಬೈಗುಳ.

ಇಷ್ಟೆಲ್ಲ ಸುತ್ತಿ ನಾನು ಮತ್ತೆ ಹುಳಕ್ಕೇ ಬಂದಿದ್ದೇನೆ, ಕಿವಿಯನ್ನು ಬಿಟ್ಟು. ಕನ್ನಡದಲ್ಲಿ ತಲೆಗೆ ಹುಳ ಮೊದಲಿನಿಂದಲೂ ಹೊಕ್ಕಿದೆ. ‘ತಲೆಗೆ ಹುಳ ಬಿಟ್ಟ’ ಎಂದರೆ ಬಗೆಹರಿಯದ ಯೋಚನೆಯೊಂದನ್ನು ಬಿತ್ತಿ ಹೋದ ಎಂದರ್ಥ. ಇದರಲ್ಲಿ ಇಂಗ್ಲಿಷಿನಲ್ಲಿ ಇಲ್ಲದ ಒಂದು ಅನುಕೂಲ ಇದೆ: ಹುಳ ಬಿಟ್ಟವನು ಒಬ್ಬ ಇರುತ್ತಾನೆ. ಹಾಡು ಅಂಟುವುದೂ ಬಹುಪಾಲು ಹೀಗೇ ಅಲ್ಲವೇ? ಪಕ್ಕದ ಮೇಜಿನವರು ಅರ್ಧ ಸಾಲು ಗುನುಗಿ ತಮ್ಮ ಪಾಡಿಗೆ ಹೋಗುತ್ತಾರೆ, ಸಂಜೆಯವರೆಗೆ ಉಳಿದರ್ಧ ನಮ್ಮ ಪಾಲು. ಮಾರ್ಕ್ ಟ್ವೇನ್ 1876ರಲ್ಲಿ ಬರೆದ ಒಂದು ಕತೆಯ ತಿರುಳೇ ಇದು: ತಲೆಗೆ ಹತ್ತಿದ ಪ್ರಾಸದ ಸಾಲುಗಳು ಇನ್ನೊಬ್ಬರಿಗೆ ಅಂಟಿದ ಮೇಲೆಯೇ ಇವನಿಗೆ ಬಿಡುಗಡೆ. ‘ಬೆಳಿಗ್ಗೆ ಬೆಳಿಗ್ಗೆ ಎಂಥಾ ಹಾಡಿನ ಹುಳ ಬಿಟ್ಟೆ ಮಾರಾಯ!’ ಎಂದರೆ ಕೇಳಿದವರು ಖಂಡಿತ ಡಾಕ್ಟರ ಮಾತೆತ್ತುವುದಿಲ್ಲ.

ಕ್ರಿಯಾಪದ ಹೀಗೆ ಸಿಕ್ಕಿತು. ಶೀರ್ಷಿಕೆಗೆ ಒಂದು ನಾಮಪದ ಬೇಕಲ್ಲ. ‘ಹಾಡುಹುಳ’ ಎಂದರೆ ‘ಪುಸ್ತಕದ ಹುಳ’ ಎದುರಿಗೆ ಬಂದು ನಿಲ್ಲುತ್ತದೆ. ಅದನ್ನು ಕೇಳಿದವರು ಸದಾ ಹಾಡು ಕೇಳುತ್ತಲೇ ಇರುವ ಮನುಷ್ಯ ಎಂದುಕೊಳ್ಳುತ್ತಾರೆ. (ಪುಸ್ತಕದ ಹುಳವೂ ಇಂಗ್ಲಿಷಿನ ಅಚ್ಚಿನಲ್ಲೇ ಇದೆ, ಆದರೂ ಈಗ ಯಾರೂ ಗುರುತಿಸುವುದಿಲ್ಲ. ಪದಶಃ ಅನುವಾದವೆಲ್ಲ ಕೆಟ್ಟದ್ದು ಎಂದು ಹಟ ಹಿಡಿಯಬಾರದು ಎಂಬುದಕ್ಕೆ ಈ ಮಾತು.) ನನ್ನ ಒಲವು ‘ಗುಂಗಿಹುಳ’ದ ಕಡೆ. ಇಂಗ್ಲಿಷಿನ ‘ವರ್ಮ್’ ಸದ್ದಿಲ್ಲದೆ ತೆವಳುವ ಪ್ರಾಣಿ. ನಮ್ಮ ಹುಳ ತೆವಳಬಹುದು, ಕೊರೆಯಬಹುದು, ಹಾರಿಕೊಂಡು ಬಂದು ಗುಂಯ್ ಎಂದು ತಲೆಯ ಸುತ್ತ ತಿರುಗಲೂಬಹುದು. ಗುಂಗಿಹುಳ ಈ ಕೊನೆಯ ಜಾತಿ. ಓಡಿಸಿದಷ್ಟೂ ಅದೇ ಜಾಗಕ್ಕೆ ಬರುತ್ತದೆ, ಹೆಸರಿನಲ್ಲೇ ಗುಂಗಿನ ಸದ್ದೂ ಇದೆ. ಲೇಖನದಲ್ಲಿ ‘ಹಾಡಿನ ಗುಂಗಿಹುಳ’ ಎಂದು ಒಮ್ಮೆ ಪೂರ್ತಿ ಬರೆದು, ಆಮೇಲೆ ಬರೀ ಗುಂಗಿಹುಳ ಎನ್ನುವ ಯೋಚನೆ.

ನಿಮ್ಮಿಂದ ತಿಳಿಯಬೇಕಾದದ್ದು ಎರಡು. ಗುಂಗಿಹುಳ ಎಂದ ಕೂಡಲೇ ನಿಮ್ಮ ಕಣ್ಣಿಗೆ ಯಾವ ಕೀಟ ಬರುತ್ತದೆ, ಅದು ಕಚ್ಚುವಂಥದ್ದೋ ಬರೀ ಸದ್ದು ಮಾಡುವಂಥದ್ದೋ? ಕಚ್ಚುವಂಥದ್ದಾದರೆ ಹೋಲಿಕೆ ಸ್ವಲ್ಪ ಕೆಡುತ್ತದೆ. ಎರಡನೆಯದು, ಒಂದು ಹಾಡು ತಲೆಯಿಂದ ಇಳಿಯದಿದ್ದಾಗ ನಿಮ್ಮ ಬಾಯಲ್ಲಿ ಸಹಜವಾಗಿ ಬರುವ ಮಾತು ಯಾವುದು? ‘ಹತ್ತಿದೆ’, ‘ಕೂತಿದೆ’, ‘ಹಿಡಿದಿದೆ’, ‘ಮೆಟ್ಟಿಕೊಂಡಿದೆ’ ಇಷ್ಟನ್ನು ನಾನೇ ಕೇಳಿದ್ದೇನೆ. ಇವುಗಳ ಆಚೆ ಏನಾದರೂ ಇದ್ದರೆ ಹೇಳಿ.

ಉತ್ತರಿಸುವವರಲ್ಲಿ ಒಂದು ಬೇಡಿಕೆ: ಉದಾಹರಣೆಗೆಂದು ದಯವಿಟ್ಟು ಯಾವ ಹಾಡಿನ ಸಾಲನ್ನೂ ಬರೆಯಬೇಡಿ.