ಪಿಎಚ್‌ಪಿ ಮೇಲ್() ‘ಟ್ರೂ’ ಅನ್ನುತ್ತದೆ, ಆದರೆ ಜಿಮೇಲ್‌ಗೆ ಏನೂ ಬರುತ್ತಿಲ್ಲ

ಕರಾವಳಿ_ಕೋಡರ್:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಯಕ್ಷಗಾನ ತರಗತಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ಫಾರ್ಮ್ ತುಂಬಿದರೆ ಗುರುಗಳ ಜಿಮೇಲ್‌ಗೆ ಮೇಲ್ ಹೋಗಬೇಕು. ಶೇರ್ಡ್ ಹೋಸ್ಟಿಂಗ್, ಪಿಎಚ್‌ಪಿ 8.2. ಮೇಲ್ ಕಳಿಸುವ ಪಿಎಚ್‌ಪಿ ಫಂಕ್ಷನ್ ಮೇಲ್() ಪ್ರತಿ ಸಲ ಟ್ರೂ (ಆಯಿತು) ಅಂತ ಕೊಡುತ್ತದೆ, ಎರರ್ ಲಾಗ್ ಖಾಲಿ. ಆದರೆ ಹೆಚ್ಚಿನವು ಇನ್‌ಬಾಕ್ಸ್‌ನಲ್ಲೂ ಇಲ್ಲ, ಸ್ಪ್ಯಾಮ್‌ನಲ್ಲೂ ಇಲ್ಲ. ಅಪರೂಪಕ್ಕೆ ಒಂದು ಬಂದರೂ ಸಬ್ಜೆಕ್ಟ್‌ನಲ್ಲಿ ಕನ್ನಡದ ಬದಲು ಏನೇನೋ ಚಿಹ್ನೆಗಳು. ಗುರುಗಳಿಗೆ ಉತ್ತರ ಬರೆಯುವುದು ಸುಲಭವಾಗಲಿ ಅಂತ ‘ಫ್ರಮ್’ನಲ್ಲಿ ಫಾರ್ಮ್ ತುಂಬಿದವರ ವಿಳಾಸವನ್ನೇ ಹಾಕಿದ್ದೇನೆ. ಮಕ್ಕಳ ಮನೆಯವರು ಫೋನ್ ಮಾಡಿ ಕೇಳುತ್ತಿದ್ದಾರೆ. ದಯವಿಟ್ಟು ದಾರಿ ತೋರಿಸಿ.

ಸರ್ವರ್_ಸಂಗಾತಿ:
ಟ್ರೂ ಅಂದರೆ ಮೇಲ್ ತಲುಪಿತು ಅಂತ ಅಲ್ಲ. ಸರ್ವರ್‌ನಲ್ಲಿರುವ, ಮೇಲ್ ರವಾನಿಸುವ ಸೆಂಡ್‌ಮೇಲ್ ಪ್ರೋಗ್ರಾಂ ಅದನ್ನು ತೆಗೆದುಕೊಂಡಿತು, ಅಷ್ಟೇ. ಅಂಚೆ ಡಬ್ಬಿಗೆ ಕಾಗದ ಹಾಕಿದ ಹಾಗೆ. ಆಮೇಲೆ ಜಿಮೇಲ್ ಬೇಡ ಅಂದರೆ ನಿಮ್ಮ ಕೋಡ್‌ಗೆ ಗೊತ್ತೇ ಆಗುವುದಿಲ್ಲ. ಬೌನ್ಸ್ ಆದ (ತಿರಸ್ಕೃತವಾಗಿ ವಾಪಸ್ ಬಂದ) ಮೇಲ್ ಸಾಮಾನ್ಯವಾಗಿ ಯಾರೂ ತೆರೆದು ನೋಡದ ಸರ್ವರ್ ಖಾತೆಗೆ ಹೋಗಿ ಬೀಳುತ್ತದೆ.

ನಿಜವಾದ ತೊಂದರೆ ಆ ‘ಫ್ರಮ್’ನಲ್ಲೇ ಇದೆ. ಯಾರೋ ಯಾಹೂ ವಿಳಾಸ ಕೊಟ್ಟಿದ್ದಾರೆ ಅಂದುಕೊಳ್ಳಿ. ಮೇಲ್ ಹೊರಟಿದ್ದು ನಿಮ್ಮ ಹೋಸ್ಟಿಂಗ್‌ನಿಂದ, ಹೆಸರು ಮಾತ್ರ ಯಾಹೂದು. ನಮ್ಮ ಸರ್ವರ್‌ನಿಂದ ಬರದೆ ನಮ್ಮ ಹೆಸರು ಹೇಳುವ ಮೇಲ್ ತಿರಸ್ಕರಿಸಿ ಅಂತ ಯಾಹೂ 2014ರಲ್ಲೇ ಡಿಮಾರ್ಕ್ (ತಮ್ಮ ಹೆಸರಿನ ನಕಲಿ ಮೇಲ್ ಬಂದರೆ ಏನು ಮಾಡಬೇಕು ಅಂತ ಡೊಮೇನ್‌ನವರು ಪ್ರಕಟಿಸುವ ನಿಯಮ) ಮೂಲಕ ಹೇಳಿಬಿಟ್ಟಿದೆ. ಜಿಮೇಲ್ ಅದನ್ನು ಪಾಲಿಸುತ್ತದೆ. ಅದೂ ಅಲ್ಲದೆ, 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಮೇಲ್ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ (ಡೊಮೇನ್ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅನ್ನುವ ಪಟ್ಟಿ) ಅಥವಾ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಬೇಕೇ ಬೇಕು.

‘ಫ್ರಮ್’ನಲ್ಲಿ ನಿಮ್ಮದೇ ಡೊಮೇನ್‌ನ ವಿಳಾಸ ಇರಲಿ. ಫಾರ್ಮ್ ತುಂಬಿದವರ ವಿಳಾಸ ‘ರಿಪ್ಲೈ-ಟು’ಗೆ ಹೋಗಲಿ. ಗುರುಗಳು ರಿಪ್ಲೈ ಒತ್ತಿದರೆ ಸರಿಯಾದವರಿಗೇ ಹೋಗುತ್ತದೆ.

ಬಯಲುಸೀಮೆ_ಡೆವ್:
ಮೇಲ್() ಬಿಟ್ಟು ಪಿಎಚ್‌ಪಿಮೇಲರ್ ಅನ್ನುವ ಲೈಬ್ರರಿಗೆ ಬನ್ನಿ, ಎಸ್‌ಎಂಟಿಪಿ (ಮೇಲ್ ಕಳಿಸುವ ಪ್ರೋಟೋಕಾಲ್) ಸರ್ವರ್‌ಗೆ ಲಾಗಿನ್ ಮಾಡಿ ಕಳಿಸಿ. ಪೋರ್ಟ್ 587 ಆದರೆ ಸ್ಟಾರ್ಟ್‌ಟಿಎಲ್‌ಎಸ್ (ಮಾಮೂಲಿಯಾಗಿ ಶುರುವಾಗಿ ಆಮೇಲೆ ಗೂಢಲಿಪಿಗೆ ಬದಲಾಗುವುದು), 465 ಆದರೆ ಮೊದಲಿನಿಂದಲೇ ಟಿಎಲ್‌ಎಸ್ ಗೂಢಲಿಪಿ. ಇವೆರಡನ್ನು ಅದಲುಬದಲು ಮಾಡಿದರೆ ಕನೆಕ್ಟೇ ಆಗುವುದಿಲ್ಲ.

ಕನ್ನಡ ಕೆಡುವುದಕ್ಕೂ ಇಲ್ಲೇ ಮದ್ದು ಇದೆ. ಮೇಲ್() ಸಬ್ಜೆಕ್ಟನ್ನು ತಾನಾಗಿ ಎನ್‌ಕೋಡ್ ಮಾಡುವುದಿಲ್ಲ. ಪಿಎಚ್‌ಪಿಮೇಲರ್ ಮಾಡುತ್ತದೆ, ಆದರೆ ಅದರ ಡೀಫಾಲ್ಟ್ ಅಕ್ಷರ ಸಂಕೇತ ಐಎಸ್‌ಒ-8859-1. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ‘ಕ್ಯಾರ್‌ಸೆಟ್’ ಅನ್ನುವ ಸೆಟ್ಟಿಂಗ್‌ಗೆ, ಕನ್ನಡಕ್ಕೂ ಜಾಗವಿರುವ ಯುಟಿಎಫ್-8 ಅಂತ ಕೊಡಿ. ನಮ್ಮ ಭಾಷೆಯಲ್ಲಿ ಮೇಲ್ ಕಳಿಸುವವರು ಈ ಒಂದು ಸಾಲನ್ನು ಮರೆಯಲೇಬಾರದು.

ಕರಾವಳಿ_ಕೋಡರ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪಿಎಚ್‌ಪಿಮೇಲರ್ ಹಾಕಿದೆ. ಜಿಮೇಲ್ ಎಸ್‌ಎಂಟಿಪಿ ಕೊಟ್ಟರೆ ಕನೆಕ್ಟೇ ಆಗುತ್ತಿಲ್ಲ, ಟೈಮ್‌ಔಟ್. ಸರ್ಟಿಫಿಕೇಟ್ (ಸರ್ವರ್‌ನ ಗುರುತಿನ ಪತ್ರ) ಪರೀಕ್ಷೆ ಆಫ್ ಮಾಡಿ ಅಂತ ಒಬ್ಬರು ಹೇಳಿದರು. ಮಾಡಬಹುದಾ?

ಸರ್ವರ್_ಸಂಗಾತಿ:
ದಯವಿಟ್ಟು ಬೇಡ. ಅದನ್ನು ಆಫ್ ಮಾಡಿದರೆ ನಡುವೆ ಯಾರು ಕೂತಿದ್ದರೂ ನಿಮ್ಮ ಪಾಸ್‌ವರ್ಡ್ ಅವರ ಕೈಗೆ ಹೋಗಬಹುದು. ಟೈಮ್‌ಔಟ್‌ಗೂ ಅದಕ್ಕೂ ಸಂಬಂಧವೂ ಇಲ್ಲ. ಶೇರ್ಡ್ ಹೋಸ್ಟಿಂಗ್‌ನವರು ಹೊರಗಿನ ಎಸ್‌ಎಂಟಿಪಿಗೆ ಹೋಗುವ ದಾರಿಯನ್ನೇ ಮುಚ್ಚಿರುವುದು ಜಾಸ್ತಿ. ಸಿಪ್ಯಾನೆಲ್ (ಹೋಸ್ಟಿಂಗ್ ನಿರ್ವಹಿಸುವ ವೆಬ್ ಪುಟ) ಇದ್ದರೆ ಅಲ್ಲೇ ನಿಮ್ಮ ಡೊಮೇನ್‌ಗೆ ಒಂದು ಮೇಲ್‌ಬಾಕ್ಸ್ ಮಾಡಿ, ಅದರಲ್ಲೇ ಲಾಗಿನ್ ಆಗಿ. ಹೋಸ್ಟ್ ಹೆಸರು ಅವರು ಕೊಟ್ಟದ್ದನ್ನೇ ಹಾಕಿ, ಆಗ ಸರ್ಟಿಫಿಕೇಟ್ ತಕರಾರೂ ಬರುವುದಿಲ್ಲ. ಪಿಎಚ್‌ಪಿಮೇಲರ್‌ನ ಡೀಬಗ್ ಮಟ್ಟ 2 ಇಟ್ಟರೆ ಸರ್ವರ್ ಏನು ಹೇಳಿತು ಅಂತ ಸಾಲುಸಾಲಾಗಿ ಕಾಣುತ್ತದೆ. ಸೈಟ್ ಲೈವ್ ಆಗುವ ಮುಂಚೆ ಅದನ್ನು ಸೊನ್ನೆ ಮಾಡಿ.

ಕರಾವಳಿ_ಕೋಡರ್:
ಮೇಲ್ ಬಂತು! ಕನ್ನಡವೂ ಸರಿಯಾಗಿದೆ. ಆದರೆ ಸ್ಪ್ಯಾಮ್‌ಗೆ ಬಿದ್ದಿದೆ. ಜಿಮೇಲ್‌ನ ‘ಶೋ ಒರಿಜಿನಲ್’ನಲ್ಲಿ ಡಿಕಿಮ್ ಬಗ್ಗೆ ಏನೂ ಇಲ್ಲ, ಎಸ್‌ಪಿಎಫ್ ‘ಪರ್ಮ್‌ಎರರ್’ (ದಾಖಲೆಯಲ್ಲೇ ದೋಷ) ಅಂತಿದೆ.

ಬಯಲುಸೀಮೆ_ಡೆವ್:
ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ವಿವರಗಳಿರುವ ಸಾರ್ವಜನಿಕ ಪಟ್ಟಿಯಲ್ಲಿ) ಎರಡು ಎಸ್‌ಪಿಎಫ್ ದಾಖಲೆಗಳಿವೆಯಾ ನೋಡಿ. ಒಂದು ಡೊಮೇನ್‌ಗೆ ಒಂದೇ ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ.

ಕರಾವಳಿ_ಕೋಡರ್:
ಹೌದು, ಹಿಂದೆ ಬಳಸುತ್ತಿದ್ದ ಒಂದು ಸೇವೆಯದ್ದು ಇನ್ನೂ ಉಳಿದಿತ್ತು. ಅದನ್ನು ತೆಗೆದೆ, ಸಿಪ್ಯಾನೆಲ್‌ನಲ್ಲಿ ಡಿಕಿಮ್ ಆನ್ ಮಾಡಿದೆ. ಈಗ ಎರಡೂ ‘ಪಾಸ್’, ಮೇಲ್ ನೇರ ಇನ್‌ಬಾಕ್ಸ್‌ಗೆ ಬರುತ್ತಿದೆ. ಡಿಮಾರ್ಕ್ ಕೂಡ ಹಾಕಲಾ?

ಸರ್ವರ್_ಸಂಗಾತಿ:
ಹಾಕಿ. ಮೊದಲು ಪಾಲಿಸಿ ‘ನನ್’ (none, ಯಾವ ಕ್ರಮವೂ ಬೇಡ) ಇಟ್ಟು ವರದಿಗಳನ್ನು ಗಮನಿಸಿ. ನಿಮ್ಮ ಎಲ್ಲ ಮೇಲ್‌ಗಳೂ ಪಾಸ್ ಆಗುತ್ತಿವೆ ಅಂತ ಖಾತ್ರಿಯಾದ ಮೇಲೆ ‘ಕ್ವಾರಂಟೈನ್’ಗೆ (ಫೇಲ್ ಆದದ್ದನ್ನು ಸ್ಪ್ಯಾಮ್‌ಗೆ ಹಾಕಿ ಅನ್ನುವುದಕ್ಕೆ) ಬದಲಿಸಿ. ಇನ್ನೊಂದು ಮಾತು: ಫಾರ್ಮ್‌ನ ವಿವರಗಳನ್ನು ಮೊದಲು ಡೇಟಾಬೇಸ್‌ನಲ್ಲಿ ಉಳಿಸಿ, ಆಮೇಲೆ ಮೇಲ್ ಕಳಿಸಿ. ಮೇಲ್ ಒಂದು ದಿನ ಕೈಕೊಟ್ಟರೂ ಯಾವ ಮಗುವಿನ ಹೆಸರೂ ಕಳೆದುಹೋಗಬಾರದು ಅಲ್ವಾ?