ಅಪ್‌ಡೇಟ್: ಗುಂಡಿ ನಾನೇ ಹಾಕಿಕೊಂಡೆ

ನಾಲ್ಕು ತಿಂಗಳ ಹಿಂದೆ ಕೇಳಿದ್ದೆ: ಗಿಲನ್ ಬಾರೆ ಸಿಂಡ್ರೋಮ್ (ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ದಾಳಿ ಮಾಡುವ ಕಾಯಿಲೆ) ಬಂದು ಕೈಕಾಲಿನ ಸ್ವಾಧೀನ ಹೋಗಿದೆ, ಎಲ್ಲಕ್ಕೂ ಗಂಡನೇ ಬೇಕು, ಅವರಿಗೆ ಹೊರೆಯಾದೆ ಅನ್ನಿಸುತ್ತದೆ, ಏನು ಮಾಡಲಿ ಅಂತ.

ಈಗ ವಾಕರ್ ಬಿಟ್ಟು ಕೋಲು ಹಿಡಿದಿದ್ದೇನೆ. 5 ದಿನ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಹಾಕಿದರೆ ಎದ್ದು ಓಡಾಡಬಹುದು ಅಂದುಕೊಂಡಿದ್ದೆ. ಸುಮ್ನೆ ಆಸೆ. ಅದು ನರಗಳ ಮೇಲಿನ ದಾಳಿ ತಗ್ಗಿಸುತ್ತದೆ ಅಷ್ಟೇ. ಹಾಳಾದ ನರ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಪಾದ ಇನ್ನೂ ಜುಮ್ಮೆನ್ನುತ್ತದೆ, ಸುಸ್ತೂ ಇದೆ.

ನೀವೆಲ್ಲ ಹೇಳಿದಂತೆ ಗಂಡನ ಜೊತೆ ಕೂತು ಮಾತಾಡಿದೆ. ಹೊರೆ ಅಂದಿದ್ದಕ್ಕೆ ನಕ್ಕರು (ಒಳಗೆ ಸ್ವಲ್ಪ ಕೋಪವೂ ಬಂದಿರಬೇಕು). ಅವತ್ತಿನಿಂದ ಒಂದೇ ಒಪ್ಪಂದ: ನಾನು ಕೇಳುವವರೆಗೂ ಅವರು ಕೈ ಹಾಕಬಾರದು.

ಮೊದಲ ದಿನ ಅಂಗಿಯ ಐದು ಗುಂಡಿಗೆ 18 ನಿಮಿಷ ಹಿಡಿಯಿತು. ಅವರು ಎದುರಿಗೇ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತುಟಿ ಕಚ್ಚಿಕೊಂಡು ನಿಂತಿದ್ದರು. ಸಹಾಯ ಮಾಡುವುದಕ್ಕಿಂತ ಹಾಗೆ ನಿಲ್ಲುವುದೇ ಅವರಿಗೆ ಜಾಸ್ತಿ ಕಷ್ಟವಾಯಿತು ಅಂತ ಕಾಣುತ್ತದೆ.

ನಿನ್ನೆ 3 ನಿಮಿಷಕ್ಕೆ ಮುಗಿಸಿದೆ. ಕೊನೆಯ ಗುಂಡಿ ತಪ್ಪು ಕಾಜಕ್ಕೆ ಹೋಗಿತ್ತಂತೆ. ಸಂಜೆಯವರೆಗೂ ಪುಣ್ಯಾತ್ಮ ಬಾಯಿ ಬಿಡಲಿಲ್ಲ.